ತಕ್ಕಡಿಗಿಟ್ಟ ಕಾಡಿಗೆ ಬೊಟ್ಟು

ಆ ಕೋಣೆಯಲ್ಲಿ ನಾವು ನಾಲ್ಕು ಜನ ಇರುತ್ತಿದ್ದೆವು. ಗಾಜಿನ ಪೆಟ್ಟಿಗೆಯೊಳಗೆ ದಿನ ತುಂಬುವ ಮೊದಲೇ ಹುಟ್ಟಿದ ಒಂದು ಹೆಣ್ಣುಕೂಸು, ಎರಡು ಅಂಗೈ ಜೋಡಿಸಿದರೆ ಅದರಲ್ಲಿ ಹಿಡಿಯುವಷ್ಟು. ಪೆಟ್ಟಿಗೆಯ ಬಲಕ್ಕೆ ಸ್ಟೂಲಿನ ಮೇಲೆ ಕಾಲು ಮಡಚಿಕೊಂಡು ಕೂಡುತ್ತಿದ್ದ ಅದರ ತಾಯಿಯ ತಾಯಿ, ಮುದ್ದೇಬಿಹಾಳ ಕಡೆಯ ಗಂಗವ್ವ. ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು, ಗುಡಿಗೆ ಬಂದವರ ಹಾಗೆ ಬರಿಗಾಲಲ್ಲಿ ಒಳಗೆ ಬರುತ್ತಿದ್ದ ಡಾಕ್ಟರ್ ಪಾಠಕ್. ಮತ್ತೆ ನಾನು, ಆ ಕೋಣೆಯ ಹಗಲು ಪಾಳಿಯ ನರ್ಸು. ಇವರ ಜೊತೆಗೆ ಕಿಟಕಿಗೆ ಕೂಡಿಸಿದ್ದ ಕೂಲರ್. ಅದನ್ನೂ ಜನರ ಲೆಕ್ಕಕ್ಕೇ ಹಿಡಿಯಬೇಕು, ಯಾಕೆಂದರೆ ನಮ್ಮೆಲ್ಲರಿಗಿಂತ ಹೆಚ್ಚು ಸದ್ದು ಮಾಡುತ್ತಿದ್ದದ್ದು ಅದೇ.

ನಾಗಪುರದ ರಾಮದಾಸಪೇಠದಲ್ಲಿ ಒಂದು ಸಣ್ಣ ಹೆರಿಗೆ ಆಸ್ಪತ್ರೆ, ಎಂಬತ್ತರ ದಶಕದ ನಡುವಿನ ಒಂದು ಬೇಸಿಗೆ. ಅದು ಮತ್ತೆ ನೆನಪಾದದ್ದು ಹೀಗೆ: ಹೋದ ವಾರ ಇಲ್ಲಿ ಹುಬ್ಬಳ್ಳಿಯಲ್ಲಿ ನಮ್ಮ ಪಕ್ಕದ ಮನೆಯವರು ಹೊಸ ಕೂಲರ್ ತಂದರು. ಸಂಜೆ ಅದರ ಲಾವಂಚದ ಪರದೆಗೆ ನೀರು ಬಿಟ್ಟಾಗ ವಾಸನೆ ಗೋಡೆ ದಾಟಿ ಬಂತು. ಬದನೆಕಾಯಿ ಹೆಚ್ಚುತ್ತಿದ್ದವಳು ಇಳಿಗೆಮಣೆ ಬಿಟ್ಟೆದ್ದು ಅಂಗಳಕ್ಕೆ ಬಂದು ನಿಂತೆ.

"ಯಾಕ್ರಿ ಅಕ್ಕಾರ, ಸಪ್ಪಳ ಭಾಳ ಆತೇನ್ರಿ?" ಎಂದು ಪಕ್ಕದ ಮನೆಯವಳು ಕೇಳಿದಳು.

"ಇಲ್ಲವ್ವಾ, ಇನ್ನಷ್ಟು ನೀರು ಬಿಡು" ಎಂದೆ. ಅವಳಿಗೆ ಏನು ತಿಳಿಯಿತೋ ಏನೋ, ಪಾಪ, ಒಂದು ಕೊಡ ನೀರು ಸುರಿದಳು.

ನಾನು ಗದಗಿನ ಕಡೆಯವಳು. ಹೆತ್ತವ್ವ ನನಗೆ ನೆನಪೇ ಇಲ್ಲ. ಅಜ್ಜ, ಅಜ್ಜಿ, ಅಜ್ಜಿಯ ವಿಧವೆ ಅಕ್ಕ, ಇವರ ನಡುವೆ ಬೆಳೆದೆ. ಆ ಮನೆಯಲ್ಲಿ ನನ್ನ ವಾರಿಗೆಯವರು ಯಾರೂ ಇರಲಿಲ್ಲ. ಹೀಗಾಗಿ ನನ್ನ ಬಾಯಿಗೆ ಹತ್ತಿದ್ದು ಮುದುಕರ ಮಾತು. ನರ್ಸಿಂಗ್ ಶಾಲೆಯಲ್ಲಿ ಗೆಳತಿಯರು "ಏ ಮುದುಕಿ" ಎಂದೇ ಕರೆಯುತ್ತಿದ್ದರು. ಮದುವೆಯಾದದ್ದು ರೈಲ್ವೆ ಗೂಡ್ಸ್ ಆಫೀಸಿನ ಗುಮಾಸ್ತರನ್ನು. ಅವರಿಗೆ ನಾಗಪುರಕ್ಕೆ ವರ್ಗವಾಯಿತು, ಅಜನಿಯ ಕ್ವಾರ್ಟರ್ಸಿನಲ್ಲಿ ಮನೆ ಸಿಕ್ಕಿತು, ನನಗೂ ರಾಮದಾಸಪೇಠದಲ್ಲಿ ಕೆಲಸ ಸಿಕ್ಕಿತು. ಎಲ್ಲ ಸರಿ, ಮಾತು ಮಾತ್ರ ಇಲ್ಲ. ದಿನವಿಡೀ ಮರಾಠಿ, ಹಿಂದಿ. ಸಂಜೆ ಮನೆಗೆ ಬಂದು ನಾಲ್ಕು ಮಾತು ಕನ್ನಡ ಆಡೋಣವೆಂದರೆ ನಮ್ಮ ಯಜಮಾನರು ರೇಡಿಯೋಕ್ಕೆ ಕಿವಿ ಹಚ್ಚಿಕೊಂಡು "ಹೂಂ" ಅನ್ನುವ ಮನುಷ್ಯ. ಸಿಟ್ಟು ಬಂದರೂ ಹೂಂ, ಸಂತೋಷವಾದರೂ ಹೂಂ.

ಅಂಥದ್ದರಲ್ಲಿ ಒಂದು ಬೆಳಿಗ್ಗೆ ಬಾಗಿಲಲ್ಲಿ ಇಳಕಲ್ ಸೀರೆಯ ಮುದುಕಿಯೊಬ್ಬಳು ಕೈಯಲ್ಲಿ ಗಂಟು ಹಿಡಿದು ನಿಂತು, "ಏ ಬಾಯಿ, ಹಮಾರಾ ಕೂಸು ಕಿಧರ ಹೈ?" ಎಂದು ನನ್ನನ್ನು ಗದರಿಸಿದಳು.

"ಇಲ್ಲೇ ಐತ್ರಿ ಆಯಿ. ಮೊದಲ ಕೈಕಾಲು ತೊಳಕೊಂಡ ಬರ್ರಿ" ಎಂದೆ.

ಗಂಟು ಕೆಳಗೆ ಬಿತ್ತು. "ಅಯ್ಯ ನನ್ನವ್ವಾ, ಕನ್ನಡದಾಕಿ! ಯಾರ ಮಗಳಬೇ ನೀ? ಯಾ ಊರಾಕಿ? ಈ ಬೆಂಕ್ಯಾಗ ಏನ್ ಮಾಡಾಕ ಬಂದಿ?" ಎಂದು ಎರಡೂ ಕೈಯಿಂದ ನನ್ನ ಗಲ್ಲ ಸವರಿ ಲಟಿಕೆ ಮುರಿದಳು. ಆ ಕೈಗೆ ರೈಲಿನ ಕಬ್ಬಿಣದ ವಾಸನೆಯಿತ್ತು, ಅದರ ಕೆಳಗೆ ರೊಟ್ಟಿಹಿಟ್ಟಿನ ವಾಸನೆ. ನಾನು ಡ್ಯೂಟಿಯಲ್ಲಿದ್ದೆನಲ್ಲ, ಅಳಲಿಲ್ಲ.

ನಮ್ಮ ಕಡೆ ಅಜ್ಜಿಗೆ ಆಯಿ ಅನ್ನುವುದುಂಟು. ಮರಾಠಿಯಲ್ಲಿ ಆಯಿ ಎಂದರೆ ಹೆತ್ತ ತಾಯಿ. ನಾನು ಬಾಯ್ತುಂಬ ಆಯಿ, ಆಯಿ ಎನ್ನುವುದನ್ನು ಕೇಳಿಕೊಂಡ ಡಾಕ್ಟರ್ ಪಾಠಕ್, ಗಂಗವ್ವ ನನ್ನ ತಾಯಿಯೇ ಎಂದು ತಿಳಿದುಬಿಟ್ಟರು. "ಸಿಸ್ಟರ್, ನಿಮ್ಮ ಆಯಿಗೆ ಹೇಳಿ, ಪೆಟ್ಟಿಗೆಯ ಬಾಗಿಲು ಪದೇ ಪದೇ ತೆಗೆಯಬಾರದು." "ಸಿಸ್ಟರ್, ನಿಮ್ಮ ಆಯಿಯ ಊಟವಾಯಿತೇ?" ನಾನು ತಿದ್ದಬಹುದಾಗಿತ್ತು. ತಿದ್ದಲಿಲ್ಲ.

ಕೂಸಿನ ತಾಯಿ ಶಾಂತಾ. ತಂದೆ ಈರಣ್ಣ ನಾಗಪುರದ ಅಂಚಿನ ವಾಡಿಯಲ್ಲಿ ಲಾರಿ ಕಂಪನಿಯೊಂದರ ಗೋದಾಮು ನೋಡಿಕೊಳ್ಳುವವನು. ಚೊಚ್ಚಲ ಹೆರಿಗೆಗೆ ಶಾಂತಾ ತವರಿಗೆ ಹೋಗಬೇಕಾಗಿತ್ತು. ಟಿಕೆಟ್ಟೂ ಆಗಿತ್ತು, ಕೂಸು ಕಾಯಲಿಲ್ಲ. ಹೊಟ್ಟೆ ಕೊಯ್ದು ಹೆರಿಗೆ ಮಾಡಿಸಿದ ಮೇಲೆ ಜ್ವರ ಹಿಡಿದು ಅವಳು ಕೆಳಗಿನ ವಾರ್ಡಿನಲ್ಲಿ ಮಲಗಿದ್ದಳು. ಮಗಳು ತವರಿಗೆ ಬರಲಾರದ್ದಕ್ಕೆ ತವರೇ ರೈಲು ಹತ್ತಿ ಬಂದಿತ್ತು. ಹಗಲೆಲ್ಲ ಮೇಲೆ ಮೊಮ್ಮಗಳ ಹತ್ತಿರ, ರಾತ್ರಿ ಕೆಳಗೆ ಮಗಳ ಮಂಚದ ಪಕ್ಕ, ಹೀಗೆ ಆಯಿಯ ಪಾಳಿ.

ಮೊದಲ ವಾರ ಕೂಸು ಚೆನ್ನಾಗಿಯೇ ಇತ್ತು. ಆಮೇಲೆ ಬಾಯೊಳಗೆ ಬಿಳಿ ಕಾಣಿಸಿತು. ಹಾಲಿನ ಕರೆಯೆಂದು ಒರೆಸಿದರೆ ಹೋಗಲಿಲ್ಲ. ಹೊಟ್ಟೆ ಉಬ್ಬಿತು, ಕೊಳವೆಯಲ್ಲಿ ಹಾಕಿದ ಹಾಲು ಹಾಗೆಯೇ ವಾಪಸು ಬರತೊಡಗಿತು, ಉಸಿರಾಡುವುದನ್ನು ನಡುನಡುವೆ ಮರೆಯತೊಡಗಿತು. ಅಂಗಾಲು ತಟ್ಟಿದರೆ ಮತ್ತೆ ನೆನಪಿಸಿಕೊಂಡು ಉಸಿರೆಳೆಯುತ್ತಿತ್ತು. ರಕ್ತ ಪರೀಕ್ಷೆಗೆ ಹೋಗಿ ಬಂದಿತು: ರಕ್ತದಲ್ಲೇ ಬೂಷ್ಟು ಬೆಳೆದಿದೆ.

ಡಾಕ್ಟರು ಈರಣ್ಣನನ್ನು ಕರೆಸಿ ಕೂಡಿಸಿದರು. ಆಯಿಯೂ ಬಂದು ನಿಂತಳು. ಅವರು ಮರಾಠಿಯಲ್ಲಿ ಹೇಳಿದ್ದನ್ನು ನಾನು ಕನ್ನಡಕ್ಕೆ ತಂದೆ. ಇದಕ್ಕೆ ಇರುವುದು ಒಂದೇ ಔಷಧ. ಅದು ಬೂಷ್ಟನ್ನು ಕೊಲ್ಲುತ್ತದೆ. ಆದರೆ ಕಿಡ್ನಿಗೂ ಪೆಟ್ಟು ಕೊಡುತ್ತದೆ. ದೊಡ್ಡವರೇ ತಾಳಿಕೊಳ್ಳುವುದು ಕಷ್ಟ, ಇಷ್ಟು ಸಣ್ಣ ಕೂಸಿನ ಕಿಡ್ನಿ ಇನ್ನೂ ಕೆಲಸ ಕಲಿಯುತ್ತಿರುತ್ತದೆ. ಕೊಡದಿದ್ದರೆ ಕೂಸು ಉಳಿಯುವುದಿಲ್ಲ. ಕೊಟ್ಟರೆ, ಕಿಡ್ನಿಯನ್ನು ಕಾಯುತ್ತ ಕೊಡಬೇಕು, ವಾರಗಟ್ಟಲೆ.

ಆಯಿ ಕೇಳಿದಳು, "ಕಿಡ್ನಿ ಅಂದ್ರೇನಬೇ?"

"ಬೆನ್ನಾಗ ಎರಡ ಇರ್ತಾವ್ರಿ ಆಯಿ, ಅವರಿಕಾಳಿನಂಗ ಬಾಗಿದ್ದು. ಮೈಯಾಗಿನ ಹೊಲಸು ಸೋಸಿ ಉಚ್ಚಿ ಮಾಡೂದು ಅವೇ."

ಆಯಿ ಡಾಕ್ಟರ ಕಡೆ ತಿರುಗಿ ಕನ್ನಡದಲ್ಲೇ ಹೇಳಿದಳು: "ಡಾಕ್ಟರಪ್ಪಾ, ಕಳೆ ತೆಗೆಯೂ ಮುಂದ ಬೆಳಿಗೆ ಕುಡುಗೋಲು ತಾಗೂದೇ. ಅದಕ್ಕಂತ ಯಾರೂ ಕಳೆ ಬಿಡಂಗಿಲ್ಲ. ಸಾವಕಾಶ ತೆಗಿ." ನಾನು ಮರಾಠಿಗೆ ತಿರುಗಿಸಿ ಹೇಳಿದೆ. ಡಾಕ್ಟರು ಎದ್ದು ನಿಂತು ಅವಳಿಗೆ ಕೈಮುಗಿದರು.

ಔಷಧ ಹಳದಿ ಪುಡಿ. ಊರಲ್ಲಿ ಸುಲಭವಾಗಿ ಸಿಗುತ್ತಿರಲಿಲ್ಲ. ಈರಣ್ಣ ತನ್ನ ಲಾರಿ ಡ್ರೈವರುಗಳಿಗೆ ಹೇಳಿ ಮುಂಬಯಿಯಿಂದ ಬರ್ಫದ ಡಬ್ಬಿಯಲ್ಲಿ ತರಿಸಿದ. ಅದನ್ನು ಬೆಳಕಿಗೆ ಒಡ್ಡಬಾರದು. ಎಕ್ಸ್-ರೇ ಫಿಲ್ಮಿಗೆ ಸುತ್ತಿ ಬರುತ್ತದಲ್ಲ ಕಪ್ಪು ಕಾಗದ, ಅದನ್ನು ಬಾಟಲಿಗೂ ನಳಿಗೆಗೂ ಸುತ್ತುತ್ತಿದ್ದೆ. ಗ್ಲೂಕೋಸ್ ನೀರಿನಲ್ಲಿ ಮಾತ್ರ ಕಲಸಬೇಕು. ಹನಿ ಹನಿಯಾಗಿ, ಬೆಳಿಗ್ಗೆ ಶುರುವಾದದ್ದು ಮಧ್ಯಾಹ್ನದವರೆಗೆ ಹೋಗಬೇಕು.

ಕಿಡ್ನಿಯನ್ನು ಕಾಯಲು ಡಾಕ್ಟರು ಹಿಡಿದ ದಾರಿ ಉಪ್ಪು. ದೊಡ್ಡವರಿಗೆ ಈ ಔಷಧದ ಜೊತೆ ಮೈಯಲ್ಲಿ ಉಪ್ಪುನೀರು ಕಡಿಮೆಯಾಗದಂತೆ ನೋಡಿಕೊಂಡರೆ ಕಿಡ್ನಿ ಉಳಿಯುತ್ತದೆಂದು ಎಲ್ಲೋ ಓದಿದ್ದರು. ಕೂಸುಗಳಲ್ಲಿ ಹೇಗೋ ಅವರಿಗೂ ಗೊತ್ತಿರಲಿಲ್ಲ. ಅದನ್ನು ಮುಚ್ಚಿಡಲೂ ಇಲ್ಲ. "ಸಿಸ್ಟರ್, ಬಾಯಾರಿದ ಕಿಡ್ನಿ ಹೆದರಿ ಬಾಗಿಲು ಹಾಕಿಕೊಳ್ಳುತ್ತದೆ. ಉಪ್ಪುನೀರು ಸಾಕಷ್ಟಿದೆ ಎಂದು ಅದಕ್ಕೆ ಧೈರ್ಯ ಬರಬೇಕು" ಎಂದರು. ಅದಕ್ಕೇ ಮೊದಲು ಸಲೈನ್, ಅಂದರೆ ಉಪ್ಪುನೀರು. ಅದು ನಿಂತ ಮೇಲೆ ನಳಿಗೆಯನ್ನು ಗ್ಲೂಕೋಸ್ ನೀರಿನಿಂದ ತೊಳೆದು ಹಳದಿ ಔಷಧ. ಎರಡೂ ಎಂದೂ ಒಟ್ಟಿಗೆ ಸೇರಬಾರದು. ಸೇರಿದರೆ ಔಷಧ ಗಟ್ಟಿಯಾಗಿ ಕೆಳಗೆ ಕೂಡುತ್ತದೆ.

ಆಯಿ ಇದನ್ನೆಲ್ಲ ಸ್ಟೂಲಿನ ಮೇಲೆ ಕುಳಿತು ನೋಡುತ್ತಿದ್ದಳು. "ಬೂಸಣಕ್ಕ ಉಪ್ಪು ಹಾಕಾಕತ್ತೀರಿ ಅನ್ನು."

"ಬೂಸಣಕ್ಕಲ್ಲರಿ, ಕಿಡ್ನಿಗೆ."

"ಏ, ನನಗ ತಿಳಿಯಂಗಿಲ್ಲೇನ? ಉಪ್ಪಿನಕಾಯಿಗೆ ಉಪ್ಪು ಕಮ್ಮಿ ಬಿದ್ರ ಬೂಸಣ ಬರ್ತೈತಿ. ನಿಮ್ಮ ಡಾಕ್ಟರಪ್ಪ ಮೊದಲ ಹಾಕಬೇಕಾಗಿತ್ತು. ತಡಾ ಮಾಡ್ಯಾನ."

"ನಿಮ್ಮ ಮೊಮ್ಮಗಳೇನು ಮಾವಿನಕಾಯೇನ್ರಿ?"

"ನೋಡ ಮತ್ತ, ಅಷ್ಟ ಅದಾಳ!" ಎಂದು ನಕ್ಕಳು. ಆಮೇಲೆ ಗಂಭೀರವಾಗಿ, "ಅಂದ್ರ ಎರಡೂ ಯಾಕ ಕೂಡಸಂಗಿಲ್ಲ?" ಎಂದು ಕೇಳಿದಳು.

"ಕಾದ ಹಾಲಿಗೆ ಉಪ್ಪು ಬಿದ್ರ?"

"ಒಡೀತೈತಿ."

"ಹಾಂ. ಹಂಗ."

"ಇದ ಬರೋಬರ್ ಆತು" ಎಂದಳು. ಡಾಕ್ಟರು ಮರಾಠಿಯಲ್ಲಿ ಅರ್ಧ ದಿನ ಹೇಳಿದ್ದು ಕನ್ನಡದಲ್ಲಿ ಹಾಲು, ಉಪ್ಪು, ಉಪ್ಪಿನಕಾಯಿಯಲ್ಲಿ ಮುಗಿದುಹೋಗುತ್ತಿತ್ತು. ಇಂದು ಹುಬ್ಬಳ್ಳಿಯಲ್ಲಿ ಊರ ತುಂಬ ಕನ್ನಡವಿದೆ, ಬಸ್ಸಿನಲ್ಲಿ, ಸಂತೆಯಲ್ಲಿ, ಟೀವಿಯಲ್ಲಿ. ಆ ಕೋಣೆಯಲ್ಲಿ ಸಿಕ್ಕ ಕನ್ನಡ ಮಾತ್ರ ಎಲ್ಲೂ ಸಿಗುತ್ತಿಲ್ಲ. ಎರಡೇ ಬಾಯಿಯ ನಡುವೆ ಇದ್ದದ್ದು ಅದು.

ಇನ್ನು ಕಾಯುವುದೆಂದರೆ ಉಚ್ಚೆಯನ್ನು ಕಾಯುವುದು. ಕಿಡ್ನಿ ನಡೆಯುತ್ತಿದೆಯೋ ಇಲ್ಲವೋ ಎಂಬುದಕ್ಕೆ ನಮ್ಮಲ್ಲಿದ್ದ ಸಾಕ್ಷಿ ಅದೇ. ಹಿಮ್ಮಡಿ ಚುಚ್ಚಿ ತೆಗೆದ ರಕ್ತ ಪರೀಕ್ಷೆಗೆ ಹೋಗುತ್ತಿತ್ತು ನಿಜ, ಆದರೆ ಆ ಮೈಯಲ್ಲಿ ಎಷ್ಟು ರಕ್ತವಿದ್ದೀತು, ದಿನಾ ತೆಗೆಯಲು? ಅದಕ್ಕೆ ಮೆತ್ತನೆಯ ಹಳೆಯ ಬಟ್ಟೆಯನ್ನು ಚೌಕಾಗಿ ಹರಿದು, ಒಣಗಿದ್ದನ್ನು ಮೊದಲು ತೂಗಿ, ಕೂಸಿನ ಅಡಿಗೆ ಹಾಕಿ, ತೊಯ್ದ ಮೇಲೆ ಮತ್ತೆ ತೂಗುವುದು. ಹೆಚ್ಚಾದ ತೂಕವೇ ಉಚ್ಚೆ. ಕಂಪೌಂಡರನ ಪುಡಿ ತೂಗುವ ಸಣ್ಣ ಹಿತ್ತಾಳೆ ತಕ್ಕಡಿಯನ್ನು ನಮ್ಮ ಮೇಜಿಗೆ ತಂದಿಟ್ಟುಕೊಂಡೆವು.

ಆ ತಕ್ಕಡಿ ಬಂದ ದಿನದಿಂದ ಆಯಿಯ ಮುಖ ಬಿಗಿಯಿತು. "ತೊಟ್ಟಲಕ್ಕ ಹಾಕಿಲ್ಲ, ಹೆಸರ ಇಟ್ಟಿಲ್ಲ, ಆಗಲೇ ತಕ್ಕಡಿಗೆ ಹಾಕ್ತೀರಿ. ಕೂಸಿನ್ನ ಅಳೀಬಾರದು, ತೂಗಬಾರದು. ದೃಷ್ಟಿ ಆಕ್ಕೈತಿ." ಬೆಳಿಗ್ಗೆ ಕೂಸನ್ನು ತೂಗುವಾಗ ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದಳು. ಬಟ್ಟೆ ತೂಗುವಾಗ ಏನೂ ಅನ್ನುತ್ತಿರಲಿಲ್ಲ. ಒಪ್ಪಿಕೊಂಡಳೆಂದು ತಿಳಿದೆ.

ಬಿಸಿಲು ಏರಿತು. ನಾಗಪುರದ ಮೇ ತಿಂಗಳನ್ನು ಕಾಣದವರಿಗೆ ಅದನ್ನು ಹೇಳುವುದು ಹೇಗೆ? ಹೊತ್ತೇರುವ ಮೊದಲೇ ಬೀದಿ ಖಾಲಿ. ಆಟೋದವರು ತಲೆಗೆ ಒದ್ದೆ ಪಂಜೆ ಸುತ್ತಿಕೊಂಡು ಗಾಡಿಯಲ್ಲೇ ಮುದುಡಿ ಮಲಗುವರು. ಬಾಗಿಲ ಚಿಲಕ ಮುಟ್ಟಿದರೆ ಕೈ ಚುರ್ ಅನ್ನುವುದು. ಬೇರೆ ಊರಿನವರಿಗೆ ಕೂಸಿನ ಪೆಟ್ಟಿಗೆಯನ್ನು ಬೆಚ್ಚಗಿಡುವ ಚಿಂತೆ, ನಮಗೆ ತಂಪಾಗಿಡುವ ಚಿಂತೆ. ಕೂಲರಿನ ತೊಟ್ಟಿಗೆ ನಾನೇ ಬಕೆಟ್ಟಿನಲ್ಲಿ ನೀರು ಹೊರುತ್ತಿದ್ದೆ. ಮಧ್ಯಾಹ್ನ ಔಷಧ ಮುಗಿದು, ಕೂಸು ಮಲಗಿ, ಲಾವಂಚದ ತಂಪು ಕೋಣೆ ತುಂಬಿದಾಗ ಆಯಿ ಶುರು ಮಾಡುವಳು. ಅತ್ತೆಯ ಕಾಟದ ಕತೆ, ಗಂಡ ಎಮ್ಮೆ ಮಾರಲು ಹೋಗಿ ಎಮ್ಮೆ ಕೊಂಡುಬಂದ ಕತೆ, ಬೀಸುವ ಪದ. ನನ್ನ ಅಜ್ಜಿ ಸತ್ತ ಮೇಲೆ ನನ್ನೊಳಗೆ ಮುಚ್ಚಿಹೋಗಿದ್ದ ಎಷ್ಟೋ ಮಾತುಗಳು ಅವಳ ಬಾಯಲ್ಲಿ ಮತ್ತೆ ಸಿಕ್ಕವು. ಅವಳು ಒಂದು ಸಾಲು ಹೇಳಿದರೆ ಮುಂದಿನ ಸಾಲು ನನಗೆ ಬರುತ್ತಿತ್ತು. "ನಿನಗ ಹೆಂಗ ಗೊತ್ತಬೇ?" ಎಂದು ಬೆರಗಾಗುವಳು.

ಹೀಗಿರಲು ಉಚ್ಚೆಯ ತೂಕ ಇಳಿಯತೊಡಗಿತು.

ಮೊದಲು ಸ್ವಲ್ಪ, ಆಮೇಲೆ ಇನ್ನಷ್ಟು. ಡಾಕ್ಟರು ತಲೆ ಕೆರೆದುಕೊಂಡರು. "ರಾತ್ರಿ ಪರವಾಗಿಲ್ಲ, ಹಗಲಿಗೇ ಕಡಿಮೆ. ಈ ಉರಿಗೆ ನೀರು ಮೈಯಿಂದಲೇ ಹಾರಿಹೋಗುತ್ತಿದೆಯೋ, ಕಿಡ್ನಿ ಸೋಲುತ್ತಿದೆಯೋ?" ಕೂಸಿನ ಕಾಲು ಒತ್ತಿ ನೋಡಿದರು, ಬಾವಿಲ್ಲ. ಬಾಯಿ ನೋಡಿದರು, ಬಿಳಿ ಇಳಿಯುತ್ತಿತ್ತು, ಔಷಧ ಹಿಡಿಯುತ್ತಿತ್ತು. ಅದೇ ಹೊತ್ತಿಗೆ ಶಾಂತಾಳ ಜ್ವರ ಬಿಟ್ಟಿತು. ಮಗಳಿಗೆ ಹುಷಾರಾಯಿತೆಂದು ಆಯಿ ಒಂದು ರಾತ್ರಿ ಮೇಲೆಯೇ ಕುಳಿತಳು. ಮರುದಿನ ಭಾನುವಾರ ನಾನು ಬಂದಾಗ ರಾತ್ರಿ ಪಾಳಿಯ ನರ್ಸು ಮುಖ ಸಣ್ಣ ಮಾಡಿಕೊಂಡಿದ್ದಳು. ರಾತ್ರಿಯ ಬಟ್ಟೆಗಳೂ ಒಣಗಿಯೇ ಇದ್ದವು.

ಡಾಕ್ಟರು ಬಂದು ನೋಡಿದರು. ರಕ್ತ ತೆಗೆದು ಕಳಿಸಿದರು. ಲ್ಯಾಬಿಗೆ ರಜೆ, ಫಲಿತಾಂಶ ಬರುವುದು ಮರುದಿನ. ಅವರು ಅಲ್ಲಿಯವರೆಗೆ ಕಾಯಲಿಲ್ಲ. "ಹಳದಿ ಔಷಧ ಇವತ್ತು ಬೇಡ. ಕಿಡ್ನಿ ನಿಂತಿದ್ದರೆ ಒಳಗೆ ಹಾಕಿದ ನೀರೆಲ್ಲ ಎದೆಗೇರುತ್ತದೆ. ಮಧ್ಯಾಹ್ನದವರೆಗೂ ಉಚ್ಚೆ ಕಾಣದಿದ್ದರೆ ಉಪ್ಪುನೀರು ನಿಲ್ಲಿಸಿ, ಗ್ಲೂಕೋಸನ್ನೂ ಅರ್ಧ ಮಾಡಿ" ಎಂದರು. ಹೊರಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡವರು ಹೋಗಲಿಲ್ಲ. ಮೆಟ್ಟಿಲ ಮೇಲೆ ಕುಳಿತರು. ಅಷ್ಟು ಎತ್ತರದ ಮನುಷ್ಯ ಮೆಟ್ಟಿಲ ಮೇಲೆ ಮುದುಡಿ ಕುಳಿತದ್ದನ್ನು ನಾನು ಎಂದೂ ಕಂಡಿರಲಿಲ್ಲ.

ಕೂಸು ಮಾತ್ರ, ಏನು ಹೇಳಲಿ, ಅಂದು ಕಣ್ಣು ತೆರೆದು ಕೂಲರಿನ ಸದ್ದು ಕೇಳಿಸಿಕೊಳ್ಳುತ್ತಿತ್ತು.

ಕೂಲರಿನ ನೀರು ಮುಗಿದಿತ್ತು. ಕೆಳಗಿನ ನಲ್ಲಿ ಬತ್ತಿದ್ದರಿಂದ ಮಾಳಿಗೆಯ ಮೇಲಿನ ತೊಟ್ಟಿಗೆ ಹೋದೆ. ಬಕೆಟ್ ಹಿಡಿದು ಬಾಗಿಲು ತಳ್ಳಿದರೆ ಕಣ್ಣು ಕುಕ್ಕುವ ಬಿಸಿಲು. ಆ ಬಿಸಿಲಲ್ಲಿ, ತೊಟ್ಟಿಯ ಹಿಂದಿನ ಹಗ್ಗದ ಮೇಲೆ, ಬಿಳಿ ಚೌಕಗಳು ಸಾಲಾಗಿ ತೂಗುತ್ತಿದ್ದವು. ನಾನೇ ಹರಿದ ಬಟ್ಟೆಗಳು. ಆಯಿ ಸೆರಗನ್ನು ತಲೆಗೆ ಹೊದ್ದು ಇನ್ನೊಂದನ್ನು ಹಿಂಡುತ್ತಿದ್ದಳು.

"ಆಯಿ! ಇವೇನ್ರಿ?"

ಅವಳು ಬೆಚ್ಚಿಬಿದ್ದಳು. ಆಮೇಲೆ ಮೊಂಡುತನದಿಂದ, "ಅರಿವಿ. ಒಗೀಬಾರದೇನು? ಕೂಸಿನ ಅರಿವಿ ತೊಯ್ದದ್ದು ಹಂಗ ಇಡ್ತಾರೇನ?"

"ತೊಯ್ದಿದ್ದೂ?"

"ಮತ್ತ ಒಣಗಿದ್ದ ಒಗೀತಾರೇನಬೇ? ಬೆಳಿಗ್ಗಿಂದ ಎಷ್ಟು ಸಲ ತೋಯಿಸ್ಯಾಳ ಗೊತ್ತೈತೇನ ನಿನ್ನ ಮಗಳು! ಇಲ್ಲಿ ಬಿಸಿಲ ಚಲೋ ಐತಿ, ಹಾಕಿದ್ದ ತಡ ಒಣಗ್ತಾವು. ನೀ ಆಕಡೆ ಹ್ವಾದ ಕೂಡ್ಲೆ ತೊಯ್ದದ್ದ ತಗದು ಒಣಗಿದ್ದ ಹಾಕಿಬಿಡ್ತೀನಿ." ಇಷ್ಟು ಹೇಳಿ ದನಿ ತಗ್ಗಿಸಿದಳು. "ಕೂಸಿನ್ನ ತೂಗೂದು ನಿಮ್ಮ ಹಠ, ಆಗಲಿ. ಅದರ ಉಚ್ಚಿನೂ ತಕ್ಕಡಿಗೆ ಹಾಕಿ ಮಂದಿಗೆ ಒದರ್ತೀರಿ. ಹತ್ತು ಮಂದಿ ಬಾಯಿಗೆ ಬಿದ್ರ ಆ ಕೂಸ ಉಳೀತೈತೇನ? ಅದಕ್ಕ ಒಂದೊಂದ ತಪ್ಪಿಸಿದೆ. ಸ್ವಲ್ಪ ತೂಗಲಿ, ಎಲ್ಲಾ ಬ್ಯಾಡ ಅಂತ."

ಹಿಂಡುತ್ತಿದ್ದ ಬಟ್ಟೆಯನ್ನು ನಾನು ಕಸಿದುಕೊಂಡೆ. "ಆಯಿ, ಕೂಸಿನ ಕಿಡ್ನಿ ನಿಂತೈತಂತ ಡಾಕ್ಟರು ಔಷಧ ಬಂದ್ ಮಾಡ್ಯಾರ. ನೀರೂ ನಿಲ್ಲಸ್ರಿ ಅಂದಾರ. ನಿಂತಿಲ್ಲಲ್ಲ? ಖರೇ ಹೇಳ್ರಿ, ಉಚ್ಚಿ ಹೊಯ್ದಾಳಲ್ಲ?"

ಆಯಿ ತೊಟ್ಟಿಯ ಗೋಡೆ ಹಿಡಿದು ಕೆಳಗೆ ಕುಸಿದಳು. "ನಾ ಕೊಂದ್ನೇನ ಯವ್ವಾ?" ಎಂದಳು. "ನನ್ನ ಕೈಯಾರ ನಾನ ಕೊಂದ್ನೇನ?"

"ಯಾರೂ ಯಾರನ್ನೂ ಕೊಂದಿಲ್ಲ. ಏಳ್ರಿ. ಜಲ್ದಿ ಏಳ್ರಿ."

ಬಕೆಟ್ಟು ಅಲ್ಲೇ ಬಿತ್ತು. ಒದ್ದೆ ಬಟ್ಟೆಯನ್ನು ಹಿಡಿದುಕೊಂಡೇ ಮೆಟ್ಟಿಲಿಳಿದೆ. ಡಾಕ್ಟರು ಇನ್ನೂ ಅಲ್ಲೇ ಕುಳಿತಿದ್ದರು. ಒಂದೇ ಉಸಿರಿಗೆ ಹೇಳಿದೆ, ಮರಾಠಿಯೋ ಕನ್ನಡವೋ ನನಗೇ ತಿಳಿಯದು. ಅವರು ನನ್ನ ಕೈಯ ಬಟ್ಟೆಯನ್ನು ತೆಗೆದುಕೊಂಡು ಮೂಗಿಗೆ ಹಿಡಿದರು. "ಇದು ನಲ್ಲಿಯ ನೀರು" ಎಂದರು. ಆಮೇಲೆ ನಿಧಾನವಾಗಿ, "ಸಿಸ್ಟರ್, ನನಗೆ ಕಣ್ಣಿಗೆ ಕಾಣಬೇಕು. ಹೊಸ ಬಟ್ಟೆ ಹಾಕಿ. ಯಾರೂ ಅಲ್ಲಾಡಬಾರದು."

ಹಾಗೆ ನಾವು ಮೂವರು ಪೆಟ್ಟಿಗೆಯ ಸುತ್ತ ಕುಳಿತೆವು. ನೀರಿಲ್ಲದ ಕೂಲರ್ ಬಿಸಿಗಾಳಿ ಉಗುಳುತ್ತಿತ್ತು. ಡಾಕ್ಟರ ಹಣೆಯಿಂದ ಬೆವರು ಕನ್ನಡಕದ ಮೇಲೆ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಮಧ್ಯಾಹ್ನವಾಗುತ್ತ ಬಂತು. ಉಪ್ಪುನೀರು ಇನ್ನೂ ಹನಿಯುತ್ತಿತ್ತು. ಅದನ್ನು ನಿಲ್ಲಿಸುವ ಹೊತ್ತು ಹತ್ತಿರ ಬಂದಿತ್ತು. ನಾನು ಡಾಕ್ಟರ ಮುಖ ನೋಡಿದೆ, ಡಾಕ್ಟರು ಕೂಸನ್ನು. ಕೂಸು ಆಕಳಿಸಿತು.

ಆಗ ಆಯಿ ಗಾಜಿಗೆ ಬಾಯಿ ಹಚ್ಚಿ, ಎಳೆಗೂಸುಗಳನ್ನು ಕಾಲ ಮೇಲೆ ಕೂಡಿಸಿಕೊಂಡು ಹೆಂಗಸರು ಮಾಡುತ್ತಾರಲ್ಲ, ಆ ಸದ್ದು ತೆಗೆದಳು. "ಸ್ಸ್ಸ್... ಸ್ಸ್ಸ್... ಹೊಯ್ಯವ್ವಾ, ಹೊಯ್ಯ ನನ್ನ ಬಂಗಾರಾ. ನಿಮ್ಮಾಯಿ ಮಾನ ಉಳಸು." ನನಗೆ ನಗು ಬಂತು. ಇನ್ನೊಂದು ಗಳಿಗೆಗೆ ಪಕ್ಕದಿಂದ ಮತ್ತೊಂದು ದಪ್ಪ ದನಿಯ "ಸ್ಸ್ಸ್" ಕೇಳಿಸಿತು. ಡಾಕ್ಟರು!

ಬಟ್ಟೆಯ ನಡುವೆ ಬಣ್ಣ ಬದಲಾಯಿತು. ಒಂದು ಕಾಸಿನಗಲ, ಆಮೇಲೆ ರೊಟ್ಟಿಯ ಹಾಗೆ ಹರಡಿತು.

"ಝಾಲೀ! ಶೂ ಝಾಲೀ!" ಡಾಕ್ಟರು ಕೂಗಿಕೊಂಡು ಎದ್ದರು. ಸ್ಟೂಲು ಉರುಳಿತು. ಉಚ್ಚೆಯಾಯಿತೆಂಬುದನ್ನು ಕೆಳಗಿನ ವಾರ್ಡಿನವರೆಗೆ ಕೇಳುವಂತೆ ಸಾರಿದರು. ಆಯಿಗೆ ಮರಾಠಿ ಬಾರದಿದ್ದರೂ ತಿಳಿಯಿತು. ನೆಲಕ್ಕೆ ಹಣೆ ಹಚ್ಚಿದಳು.

ಸಲೈನ್ ನಿಲ್ಲಲಿಲ್ಲ. ಮರುದಿನ ರಕ್ತದ ಫಲಿತಾಂಶ ಬಂತು. ಕಿಡ್ನಿಗೆ ಸ್ವಲ್ಪ ದಣಿವಾಗಿತ್ತು, ನಿಂತಿರಲಿಲ್ಲ. ಡಾಕ್ಟರು ನನಗೆ ಹೇಳಿದರು, ಆ ಬಿಸಿಲಲ್ಲಿ ನೀರು ನಿಲ್ಲಿಸಿದ್ದರೆ, ಕಾಯಲು ಹೋದ ಕಿಡ್ನಿಯನ್ನು ನಾವೇ ಒಣಗಿಸುತ್ತಿದ್ದೆವು ಎಂದು. ಹಳದಿ ಔಷಧ ಮತ್ತೆ ಶುರುವಾಯಿತು.

ತಕ್ಕಡಿಯ ಜಗಳ ಮಾತ್ರ ಬಗೆಹರಿಯಬೇಕಿತ್ತು. ಆಯಿ ಇನ್ನು ಬಟ್ಟೆ ಮುಟ್ಟುವುದಿಲ್ಲವೆಂದು ಕೂಸಿನ ಮೇಲೆ ಆಣೆ ಮಾಡಲು ಹೋದಳು. ನಾನೇ ಬಾಯಿ ಮುಚ್ಚಿಸಿದೆ. ಆದರೂ ನಾನು ತೂಗುವಾಗಲೆಲ್ಲ ಅವಳು ಗೋಡೆಗೆ ಮುಖ ಮಾಡುವುದು ನೋಡಲಾಗುತ್ತಿರಲಿಲ್ಲ. ಡಾಕ್ಟರು ಕೇಳಿದರು, "ನಿಮ್ಮ ಆಯಿಯ ಊರಲ್ಲಿ ದೃಷ್ಟಿಗೆ ಏನು ಮಾಡುತ್ತಾರೆ?" ಕಾಡಿಗೆ ಬೊಟ್ಟು ಇಡುತ್ತಾರೆ ಎಂದೆ. "ಕೂಸಿಗೆ ಬೇಡ, ಮೈ ಸೂಕ್ಷ್ಮ. ತಕ್ಕಡಿಗೆ ಇಡಲಿ."

ಆಯಿ ಸೊಂಟದ ಚೀಲದಿಂದ ಕಾಡಿಗೆಯ ಕರಡಿಗೆ ತೆಗೆದಳು. ಬೆರಳಿಗೆ ಹಚ್ಚಿ ಹಿತ್ತಾಳೆ ತಟ್ಟೆಯ ಅಂಚಿಗೆ ಹೊರಗಿನಿಂದ ಒಂದು ಬೊಟ್ಟು ಇಟ್ಟಳು. ಸ್ವಲ್ಪ ಹಿಂದೆ ಸರಿದು ನೋಡಿ, ಎದುರು ತಟ್ಟೆಗೂ ಒಂದು ಇಟ್ಟಳು. "ಇಲ್ಲಾಂದ್ರ ತೂಕ ತಪ್ಪತೈತಿ" ಎಂದಳು. ಇದನ್ನು ಡಾಕ್ಟರಿಗೆ ಹೇಳಿದಾಗ ಅವರು ನಕ್ಕ ನಗು ಇನ್ನೂ ನನ್ನ ಕಿವಿಯಲ್ಲಿದೆ. ಕಂಪೌಂಡರ್ ಒಮ್ಮೆ ಸ್ಪಿರಿಟ್ ಹಚ್ಚಿ ಒರೆಸಲು ಹೋದಾಗ ಅವರೇ ಓಡಿಬಂದು "ಪುಸೂ ನಕಾ, ಪುಸೂ ನಕಾ! ಒರೆಸಿದರೆ ಆಯಿ ನನ್ನನ್ನು ಬಿಡುವುದಿಲ್ಲ" ಎಂದು ತಡೆದರು. ಅಂದಿನಿಂದ ಬಟ್ಟೆ ತೊಯ್ದ ಕೂಡಲೇ ಆಯಿಯೇ ಕೂಗುವಳು: "ಬಾರಬೇ, ಆತು ನೋಡು. ತೂಗು. ಭಾಳ ಐತಿ ಇವತ್ತ!"

ಔಷಧ ಮುಗಿಯುವ ಹೊತ್ತಿಗೆ ಶಾಂತಾ ಮೇಲೆ ಬಂದು ಕೂಸನ್ನು ಎದೆಗೆ ಹಚ್ಚಿಕೊಳ್ಳುತ್ತಿದ್ದಳು. ಮೊದಲ ಮಳೆ ಬಿದ್ದ ದಿನ ಕೂಲರ್ ಬಂದ್ ಮಾಡಿದೆವು. ಒಮ್ಮೆಲೇ ಕೋಣೆ ಮೌನವಾಗಿ, ಕೂಸು ಉಸಿರಾಡುವುದು ಕೇಳಿಸಿತು.

ಹೋಗುವ ದಿನ ಅಲ್ಲಿಯೇ ಹೆಸರಿಟ್ಟರು, ಕೃಷ್ಣಾ ಎಂದು. ಆಯಿಯ ಊರಿನ ಹೊಳೆಯ ಹೆಸರು. ಡಾಕ್ಟರು, "ಒಳ್ಳೆಯ ಹೆಸರು. ನಮ್ಮಲ್ಲಿ ಹುಟ್ಟಿ ನಿಮ್ಮಲ್ಲಿಗೆ ಹರಿದುಹೋಗುವಂಥದ್ದು" ಎಂದರು. ಆಯಿ ನನ್ನ ಸೆರಗಿಗೆ ಅಕ್ಕಿ, ಅರಿಷಿಣ ಕೊಂಬು ಹಾಕಿ ಉಡಿ ತುಂಬಿದಳು. "ನಿನ್ನ ತವರು ಮುದ್ದೇಬಿಹಾಳ ಅಂತ ತಿಳಕೊ" ಎಂದಳು. ಡಾಕ್ಟರು ನನ್ನ ಕಡೆ ತಿರುಗಿ, "ಆಯಿ ಊರಿಗೆ ಹೊರಟರಲ್ಲ, ನಿಮಗೆ ಬೇಸರ" ಎಂದರು. ಅವರು ಇನ್ನೂ ಹಾಗೆಯೇ ತಿಳಿದಿದ್ದರು. ಹೌದು, ಬೇಸರ, ಎಂದೆ.

ಆ ಮಳೆಗಾಲ ಆಸ್ಪತ್ರೆಯಲ್ಲಿ ನಾನು ಕೂಸುಗಳೊಡನೆ ಕನ್ನಡದಲ್ಲಿ ಮಾತಾಡತೊಡಗಿದೆ. ಅವಕ್ಕೇನು, ಯಾವ ಭಾಷೆಯಾದರೂ ಸರಿ. ಆದರೆ ಒಂದು ಸಾಲು ಹೇಳಿ ನಿಂತರೆ ಮುಂದಿನ ಸಾಲು ಬರುತ್ತಿರಲಿಲ್ಲ. ಮನೆಯಲ್ಲಿ ನಮ್ಮ ಯಜಮಾನರು ಒಂದು ಸಂಜೆ ರೇಡಿಯೋ ತಾವಾಗಿಯೇ ಆರಿಸಿ, "ಆ ಮುದುಕಿ ಎಮ್ಮಿ ಕತಿ ಏನದು, ಹೇಳು" ಎಂದರು. ಹೇಳಿದೆ. ನಕ್ಕರು. ಅವರಿಗೆ ಅದು ಕತೆ. ನನಗೆ ಆ ಮಧ್ಯಾಹ್ನಗಳೇ ಬೇಕಾಗಿದ್ದವು.

ಅದೇ ವರ್ಷ ನಾಗಪುರ ಬಿಟ್ಟು ಊರ ಕಡೆಯ ಗೋದಾಮಿಗೆ ಹೋಗಿದ್ದ ಈರಣ್ಣನಿಗೆ ಮೂರನೆಯ ವರ್ಷ ಝಾನ್ಸಿಗೆ ವರ್ಗವಾಯಿತು. ಊರಿನಿಂದ ಸಾಮಾನು ಕಟ್ಟಿಕೊಂಡು ನಾಗಪುರದ ಮೇಲೆಯೇ ಹಾದುಹೋಗುವವರಿದ್ದರು. ಲಾರಿ ಡ್ರೈವರೊಬ್ಬನ ಕೈಯಲ್ಲಿ ನನಗೆ ಹೇಳಿಕಳಿಸಿದ್ದ. ನಾನು ಸ್ಟೇಷನ್ನಿಗೆ ಹೋದೆ. ಡಬ್ಬಿಯ ಬಾಗಿಲಲ್ಲಿ ಶಾಂತಾ ನಿಂತಿದ್ದಳು. ಅವಳ ಕಾಲು ಹಿಡಿದುಕೊಂಡು, ಎಣ್ಣೆ ಹಚ್ಚಿ ಎರಡು ಜಡೆ ಹಾಕಿಸಿಕೊಂಡ ಹುಡುಗಿ.

"ಆಯಿ ಎಲ್ಲಿ? ಕರಕೊಂಡು ಬರಲಿಲ್ಲೇನು?" ಎಂದೆ.

ಶಾಂತಾ ಗಂಡನ ಮುಖ ನೋಡಿದಳು. "ಹ್ವಾದ್ಳ್ರಿ ಅಕ್ಕಾ. ಸಂಕ್ರಾಂತಿ ಮುಂದ. ಮಲಗಿದಾಕಿ ಏಳಲಿಲ್ಲ."

ನಾನು ಏನಾದರೂ ಅನ್ನುವ ಮೊದಲೇ ಹುಡುಗಿ ತಾಯಿಯ ಸೀರೆ ಜಗ್ಗಿ ಕಿವಿಯಲ್ಲಿ ಏನೋ ಹೇಳಿತು. "ಈಗೇನವ್ವಾ? ಗಾಡಿ ನಿಂತಾಗ ಸಂಡಾಸಕ್ಕ ಹೋಗುವಂಗಿಲ್ಲ" ಎಂದು ಶಾಂತಾ ಗದರಿದಳು.

"ತಾ ಇಲ್ಲಿ" ಎಂದು ನಾನು ಅವಳನ್ನು ಇಳಿಸಿಕೊಂಡು ಪ್ಲಾಟ್‌ಫಾರ್ಮಿನ ತುದಿಗೆ ಕರೆದುಕೊಂಡು ಹೋದೆ. ಅವಳು ಲಂಗ ಎತ್ತಿಕೊಂಡು ಕುಳಿತಳು. ನಾನು ಭುಜ ಹಿಡಿದುಕೊಂಡೆ. ಸಿಗ್ನಲ್ ಬಿತ್ತು. ಅವಳು ಅವಸರ ಮಾಡಲಿಲ್ಲ. ಮುಗಿಸಿ ಎದ್ದಾಗ ಗಾಡಿ ಸಿಳ್ಳು ಹಾಕಿತು. ಎತ್ತಿಕೊಂಡು ಓಡಿದೆ. ಈರಣ್ಣ ಕೈ ಚಾಚಿ ಒಳಗೆ ತೆಗೆದುಕೊಂಡ. ಗಾಡಿ ಹೊರಟಿತು. ನಾನು ನಲ್ಲಿಯಲ್ಲಿ ಕೈ ತೊಳೆದುಕೊಂಡು ಮಧ್ಯಾಹ್ನದ ಪಾಳಿಗೆ ಆಸ್ಪತ್ರೆಗೆ ಹೋದೆ.